ಡ್ರಾ ಸಾಕಾಗಿದ್ದ ಭಾನುವಾರ

ಡಾಟ್‌ಕಾಂ ಹುಚ್ಚು ನೆತ್ತಿಗೇರಿದ್ದ ಕಾಲ. ಅಮೆರಿಕದ ಸನ್ನಿವೇಲ್‌ನಲ್ಲಿ ನಮ್ಮ ಭಾನುವಾರದ ಫುಟ್‌ಬಾಲ್ ಲೀಗನ್ನು ಎರಡು ಡಿವಿಷನ್ ಮಾಡಿಕೊಟ್ಟವನು ನನ್ನ ಆಫೀಸಿನ ಒಬ್ಬ ಇಟಲಿಯವನು. ಅವನೂರಿನ ತಂಡ ಅಲ್ಲಿನ ನಾಲ್ಕನೆಯ ದರ್ಜೆಯಲ್ಲಿ ಏಗುತ್ತಿತ್ತು. ಪ್ರತಿ ಸೀಸನ್ನಿನ ಕೊನೆಗೆ ಮೊದಲು ಬಂದವರು ಮೇಲಿನ ದರ್ಜೆಗೆ, ಕೊನೆಯವರು ಕೆಳಗಿನದಕ್ಕೆ. ಅವನ ತಂಡ ಇನ್ನೊಂದು ಮೆಟ್ಟಿಲು ಜಾರಿದರೆ ಹವ್ಯಾಸಿಗಳ ಪಾಲು. ಅಮೆರಿಕದ ಲೀಗುಗಳಲ್ಲಿ ಕೊನೆಗೆ ಬಂದವರೂ ಅಲ್ಲೇ ಹಾಯಾಗಿರುತ್ತಾರೆ, ಅದೆಂಥ ಆಟ ಎಂದು ಮೂಗು ಮುರಿಯುತ್ತಿದ್ದ.

ಮೇಲಿನ ಡಿವಿಷನ್ನಿಗೆ ನಮ್ಮ ಅಪಾರ್ಟ್‌ಮೆಂಟಿನ ಎದುರಿನ ಹುಲ್ಲಿನ ಮೈದಾನ, ಕೆಳಗಿನದಕ್ಕೆ ಕಾರಿನಲ್ಲಿ ಒಂದು ಗಂಟೆ ದೂರದ ಓಕ್ಲ್ಯಾಂಡಿನ ಕಲ್ಲುನೆಲ. ಮಂಗಳೂರಿನಿಂದ ಬಂದಿದ್ದ ಅಪ್ಪ ವಾರವಿಡೀ ಗೋಡೆ ನೋಡಿಕೊಂಡಿದ್ದು, ಭಾನುವಾರ ಮಾತ್ರ ಮಡಿಚುವ ಕುರ್ಚಿ ಹಿಡಿದು ತಾವೇ ನಡೆದು ಮ್ಯಾಚಿಗೆ ಬರುತ್ತಿದ್ದರು. ಸ್ವಲ್ಪ ಹೊತ್ತು ಕಾರಿನಲ್ಲಿ ಕೂತರೂ ಅವರಿಗೆ ಸೊಂಟ ಹಿಡಿದುಕೊಳ್ಳುತ್ತಿತ್ತು. ನಮ್ಮ ತಂಡ ಕೆಳಗಿಳಿದರೆ ಅವರ ಭಾನುವಾರವೂ ಹೋಯಿತೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಇನ್ನೊಂದು ತಂಡದ ಕ್ಯಾಪ್ಟನ್ ಆಗಿದ್ದ ಬೆಂಗಳೂರಿನ ಭಾವನಿಗೂ, ಅಂದರೆ ಅಕ್ಕನ ಗಂಡನಿಗೂ, ಗೊತ್ತಿತ್ತು.

ಕೊನೆಯ ದಿನದ ಮ್ಯಾಚುಗಳೆಲ್ಲ ಒಂದೇ ಹೊತ್ತಿಗೆ ಶುರುವಾಗಬೇಕು ಎಂದು ಇಟಲಿಯವನು ಬಡಿದುಕೊಂಡಿದ್ದ. ಉಳಿದವರ ಫಲಿತಾಂಶ ತಿಳಿದ ಮೇಲೆ ಆಡುವವರು ಒಳಗೊಳಗೇ ಹೊಂದಿಕೊಂಡುಬಿಡುತ್ತಾರಂತೆ. ಅವರಲ್ಲಿ ಅದಕ್ಕೆ ಬಿಸ್ಕತ್ತು ಎನ್ನುತ್ತಾರಂತೆ. ಆದರೆ ಅದಕ್ಕಾಗಿ ಹತ್ತಿರದಲ್ಲೇ ಇನ್ನೊಂದು ಮೈದಾನ ಹುಡುಕಲು ನಮಗೆಲ್ಲ ಸೋಮಾರಿತನ.

"ನಾವೆಲ್ಲ ಫ್ಯಾಮಿಲಿ ಫ್ರೆಂಡ್ಸು. ನಮ್ಮಲ್ಲಿ ಅದೆಲ್ಲ ನಡೆಯಲ್ಲ ಬಿಡ್ರಪ್ಪ," ಎಂದು ಭಾವನೇ ನಕ್ಕಿದ್ದರು.

ಅಂದು ನಾವು ಮೊದಲು ಆಡಿ ಗೆದ್ದೆವು. ಆಮೇಲೆ ಭಾವನ ತಂಡಕ್ಕೂ ಮತ್ತೊಂದಕ್ಕೂ ಮ್ಯಾಚು. ಯಾರೇ ಸೋತರೂ ಅವರು ಕೆಳಕ್ಕೆ. ಡ್ರಾ ಆದರೆ ಮಾತ್ರ ಇಬ್ಬರೂ ಉಳಿದು, ನಾವು ಕೆಳಕ್ಕೆ.

ಥೂ, ಅದನ್ನು ಆಟ ಅನ್ನುವುದೇ! ಗೋಲ್‌ಕೀಪರ್ ಚೆಂಡನ್ನು ಡಿಫೆಂಡರಿಗೆ ಉರುಳಿಸುವುದು, ಅವನು ವಾಪಸು ಗೋಲ್‌ಕೀಪರಿಗೆ. ಆ ಕಡೆಯವರು ಸೊಂಟದ ಮೇಲೆ ಕೈಯಿಟ್ಟು ಹರಟೆ. ಅಂಗಿಗಳ ಮೇಲೆ ಕಂಪನಿಯ ಹೆಸರು, ಅದರ ಕೆಳಗೆ ಜಗತ್ತನ್ನೇ ಬದಲಿಸುತ್ತೇವೆಂಬ ಘೋಷಣೆ; ಚೆಂಡನ್ನು ಮೈದಾನದ ನಡುಗೆರೆ ದಾಟಿಸುವ ಗಂಡಸು ಒಬ್ಬನೂ ಇಲ್ಲ. ಒಮ್ಮೆ ಭಾವನ ಕಾಲಿಗೆ ಚೆಂಡು ಸಿಕ್ಕಿತು. ಮುಂದೆ ಮೈದಾನ ಖಾಲಿ. ಅವರು ನಮ್ಮ ಕಡೆ ಒಮ್ಮೆ ನೋಡಿ, ಚೆಂಡನ್ನು ಹಿಂದಕ್ಕೆ ತಳ್ಳಿದರು. ಅಪ್ಪ ಎದ್ದು, ಕುರ್ಚಿಯನ್ನು ಪಾರ್ಕಿಂಗ್ ಲಾಟಿನ ಕಡೆ ತಿರುಗಿಸಿಕೊಂಡು, ಮ್ಯಾಚು ಮುಗಿಯುವವರೆಗೆ ಕಾರುಗಳನ್ನು ನೋಡುತ್ತಾ ಕೂತರು.

ಹೊಸ ಸೀಸನ್ನಿನ ಮೊದಲ ಭಾನುವಾರ ನಾನು ಓಕ್ಲ್ಯಾಂಡಿಗೆ ಹೊರಟಿದ್ದಾಗ ಭಾವ ಬಂದರು. ತಾವೇ ಅಪ್ಪನ ಕುರ್ಚಿ ಎತ್ತಿಕೊಂಡರು.

"ಬನ್ನಿ ಮಾವ. ನಮ್ ಮ್ಯಾಚು ಇಲ್ಲೇ ಎದುರಿಗೇ ಇದೆ."

"ನಿಮ್ಮ ಆಟ ನೋಡಿ ಆಯ್ತಲ್ಲ ಮಾರಾಯ್ರೆ," ಎಂದರು ಅಪ್ಪ. "ಕುರ್ಚಿ ಇವನ ಕಾರಿನಲ್ಲಿ ಇಡಿ."

ಭಾವ ಇಟ್ಟರು. ಅಪ್ಪ ಸೊಂಟ ಹಿಡಿದುಕೊಂಡು ನನ್ನ ಪಕ್ಕದ ಸೀಟು ಹತ್ತಿದರು.