ಊರು ಕರೆಯುವ ನೀಲಗಂಗವ್ವ

ಬನವಾಸಿ ಕಡೆಯ ನಮ್ಮೂರಿನಲ್ಲಿ ನೀಲಗಂಗವ್ವ ಕರೆಯದಿದ್ದರೆ ಸ್ವಂತ ಅಣ್ಣನೂ ತಮ್ಮನ ಮನೆಯ ಲಗ್ನಕ್ಕೆ ಕಾಲಿಡುವುದಿಲ್ಲ. ಮದುವೆ ಇರಲಿ, ತೊಟ್ಟಿಲಿರಲಿ, ಹೊಸ್ತಿಲಲ್ಲಿ ನಿಂತು ಅವಳು ‘ಬರ್ರೆವ್ವಾ’ ಅಂದರಷ್ಟೇ ಅದು ಕರೆ. ಮೊಣಕಾಲು ಕೈಕೊಟ್ಟ ಮೇಲೆ ಸೊಸೆ ಶೈಲಾ ಫೋನಿನಲ್ಲಿ ಊರ ಹೆಂಗಸರ ಗುಂಪು ಕಟ್ಟಿಕೊಟ್ಟಳು. ದಾರಿ ಹೊಸದಾಯಿತು, ಪದ್ಧತಿ ಹಳೆಯದೇ ಉಳಿಯಿತು: ಕರೆಯುವವಳು ಮೊದಲು ಊರಿಗೆ ಮುಟ್ಟಿಸಬೇಕು, ತಾನು ಕೊನೆಗೆ ನೋಡಬೇಕು.

ಒಂದು ಮುಂಜಾನೆ ಸಂಗಯ್ಯನ ನಂಬರಿನಿಂದ ಲಗ್ನಪತ್ರಿಕೆ ಬಂತು. ಅವನ ಮಗನಿಗೆ ಹೆಣ್ಣು ಗೊತ್ತಾಗಿದ್ದು ಊರಿಗೆಲ್ಲ ತಿಳಿದಿತ್ತು. ಪದ್ಧತಿಯಂತೆ ತೆರೆಯದೆಯೇ ಗುಂಪಿಗೆ ಅಟ್ಟಿದಳು.

ನನ್ನ ಹೆಂಡತಿಯ ಫೋನಿನಲ್ಲಿ ನಾನು ಅದನ್ನು ಕಂಡೆ. ಫೈಲಿನ ಹೆಸರಿನ ಬಾಲ ‘ಎಪಿಕೆ’. ನಾನು ಸಾಲಿ ಮೆಟ್ಟಿಲು ಹತ್ತಿದವನಲ್ಲ, ಆದರೆ ಈ ಯಂತ್ರದ ನಾಡಿ ನಾನೇ ಹಿಡಿದು ಕಲಿತವನು. ಪತ್ರಿಕೆ ಅಂದರೆ ಚಿತ್ರ, ಇಲ್ಲವೇ ಪಿಡಿಎಫ್. ಎಪಿಕೆ ಅಂದರೆ ಆ್ಯಪು, ಫೋನಿನೊಳಗೆ ಬಂದು ಕೂರುವ ಆಳು. ಕೂತಿತೆಂದರೆ ಬ್ಯಾಂಕಿನಿಂದ ಬರುವ ಒಟಿಪಿಯನ್ನೂ ಓದುತ್ತದೆ. ನೀಲಗಂಗವ್ವನ ಮನೆಗೆ ಓಡಿದೆ.

ಅವಳು ಸಂಗಯ್ಯನಿಗೆ ಫೋನು ಹಚ್ಚಿದಳು.

“ನಾ ಏನೂ ಕಳಿಸಿಲ್ಲಬೇ! ನಿನ್ನೆ ಇಂಥದ್ದ ಒಂದು ಒತ್ತಿದ್ದೆ. ಆವಾಗಿಂದ ಫೋನು ತಾನ ಎಲ್ಲಾರಿಗೂ ಕಳಿಸಾಕ ಹತ್ತೈತಿ!”

ನೀಲಗಂಗವ್ವ ಗುಂಪಿನಿಂದ ಅಳಿಸಿದಳು. “ಇಳಿಸಿಕೊಂಡವರ ಫೋನಿನ್ಯಾಗ ಉಳಿದಿರತೈತಿ, ಗಂಗವ್ವಾ,” ಅಂದೆ.

“ಗೌರಕ್ಕ!” ಅಂದವಳೇ ಕೋಲು ಹಿಡಿದು ಎದ್ದಳು. ಗೌರಕ್ಕನ ಮೊಮ್ಮಗಳ ಆಪರೇಶನ್ನಿಗೆ ಕೂಡಿಟ್ಟಿದ್ದೆಲ್ಲ ಅವಳ ಫೋನಿಗೆ ಜೋಡಿಸಿದ ಖಾತೆಯಲ್ಲಿತ್ತು. ಫೋನು ಹಚ್ಚಿದರೆ ಎತ್ತಲಿಲ್ಲ.

ದಾರಿಯಲ್ಲಿ ಗುಂಪಿನವಳೇ ಆದ ಹೊನ್ನಿ ಸಿಕ್ಕಳು. “ಆ ಪತ್ರಿಕಿ ಒತ್ತೀಯೇನ?” ಅಂದಳು ನೀಲಗಂಗವ್ವ.

“ಒತ್ತಿದೆ. ಗೊತ್ತಿಲ್ಲದ ಕಡೆಯಿಂದ ಬಂದದ್ದು, ಹಾಕಬ್ಯಾಡ ಅಂತ ಫೋನು ಬೈತು. ಮನ್ಯಾಗ ಬೈಯಾಂವ ಒಬ್ಬ ಸಾಕು ಅಂತ ಬಿಟ್ಟೆ.”

ನಗುವ ಹೊತ್ತಲ್ಲ. ನೀಲಗಂಗವ್ವ ಕಾಲೆಳೆಯುತ್ತಲೇ ನಡೆದಳು. ನಾನು ಮುಂದೆ ಓಡಲು ಹೋದರೆ ರಟ್ಟೆ ಹಿಡಿದಳು. “ಕರದಾಕಿ ನಾನು. ನಾನ ಹೋಗಬೇಕು.”

ಗೌರಕ್ಕ ಜಗುಲಿಯ ಮೇಲೆ ಕಣ್ಣು ಕಿರಿದು ಮಾಡಿ ಫೋನು ನೋಡುತ್ತಿದ್ದಳು. “ಪತ್ರಿಕಿ ಎಲ್ಲೈತಿ ಗಂಗಾ? ಬರೇ ಹೌದೇನು ಹೌದೇನು ಅಂತ ಕೇಳತೈತಿ. ಎಲ್ಲಕ್ಕೂ ಹೌದು ಅಂದೆ.”

ನಾನು ಕಸಿದುಕೊಂಡೆ. ಫೋನು ಒಲೆಯ ಕಲ್ಲಿನಂತೆ ಬಿಸಿ. ನೆಟ್ ಕಡಿದೆ, ಸಿಮ್ ಕಿತ್ತೆ. ನೀಲಗಂಗವ್ವನ ಫೋನಿನಿಂದ ಬ್ಯಾಂಕಿಗೆ ಮಾಡಿದೆವು. ‘ಸ್ವಲ್ಪ ತಡೆಯಿರಿ’ ಅಂದವರು ಹಾಡು ಹಚ್ಚಿ ಹೋದರು. ಹಾಡು ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ಗೌರಕ್ಕನಿಗೆ ಈಗ ತಿಳಿಯಿತು. ಸೆರಗು ಬಾಯಿಗೆ ತುರುಕಿಕೊಂಡಳು. ನೀಲಗಂಗವ್ವ ಕಂಬಕ್ಕೆ ಹಣೆ ಹಚ್ಚಿ ನಿಂತಿದ್ದಳು.

“ಖಾತೆ ತಡೆದಿದ್ದೇವೆ. ಹಣ ಹೋಗಿಲ್ಲ,” ಅಂದಿತು ದನಿ. “ಸೈಬರ್ ವಂಚನೆಯ ಸಹಾಯವಾಣಿ ಒಂದು ಒಂಬತ್ತು ಮೂರು ಸೊನ್ನೆಗೂ ತಿಳಿಸಿ. ಆ ಫೋನನ್ನು ಪೂರ್ತಿ ಅಳಿಸಿ ಹೊಸದು ಮಾಡಿಸುವವರೆಗೆ ಸಿಮ್ ಹಾಕಬೇಡಿ.”

ಗೌರಕ್ಕ ಬೈಯಲಿಲ್ಲ. ಬೈದಿದ್ದರೆ ಲೇಸಿತ್ತು.

“ಫೋನು ಬ್ಯಾಡ ಬ್ಯಾಡ ಅಂತಿತ್ತು ಗಂಗಾ,” ಅಂದಳು. “ನೀ ಕರದೀ ಅಂತ ಒತ್ತಿದೆ.”

ನೀಲಗಂಗವ್ವ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಆಮೇಲೆ ಗುಂಪು ತೆರೆದು ಮೊದಲ ಹೆಸರಿಗೆ ಫೋನು ಹಚ್ಚಿ, “ನಾ ಕಳಿಸಿದ್ದು ಒತ್ತಬ್ಯಾಡ್ರೆವ್ವಾ,” ಅಂದಳು.