ಮಣೆಯ ಮೇಲೆ ಉಳಿದ ಕರಡಿಗೆ

ಶ್ರಾವಣದ ಎರಡನೆಯ ಸೋಮವಾರ, ಬೆಳಗಿನ ಐದು ಗಂಟೆ ಐವತ್ತು ನಿಮಿಷ. ಬಸವಕಲ್ಯಾಣದ ನಮ್ಮ ಮನೆಯ ಪೂಜೆಯ ಕೋಣೆ. ಇದ್ದವರು ನಾನು ಮತ್ತು ಸೊಸೆ ಶಾರದಾ. ಇರಬೇಕಾಗಿದ್ದ ಮೊಮ್ಮಗಳು ಅಕ್ಷತಾ ಇರಲಿಲ್ಲ. ಅವಳು ಕೊರಳಲ್ಲಿ ಧರಿಸುವ ಇಷ್ಟಲಿಂಗದ ಬೆಳ್ಳಿ ಕರಡಿಗೆ ಮಾತ್ರ ಮಣೆಯ ಮೇಲಿತ್ತು.

ಶರಣ ಬಂಧುಗಳೇ, ಹುಟ್ಟಿದಾಗಿನಿಂದ ಅವಳು ಅದನ್ನು ಮೈಮೇಲಿಂದ ತೆಗೆದವಳಲ್ಲ. ಕೋಣೆ ಕೋಣೆ ಹುಡುಕಿದೆವು, ಮನೆಯಲ್ಲೆಲ್ಲೂ ಅವಳಿರಲಿಲ್ಲ.

ಅಕ್ಷತಾ ವಿಮಾನ ನಡೆಸುವ ತರಬೇತಿಯಲ್ಲಿದ್ದಾಳೆ. ದಾರಿ ಮತ್ತು ಗಾಳಿಯ ಲೆಕ್ಕದ ಲಿಖಿತ ಪರೀಕ್ಷೆ ಎರಡು ಸಲ ಕೈಕೊಟ್ಟಿತ್ತು. ಮೂರನೆಯ ಸಲಕ್ಕೆ ಓದಲು ಮನೆಗೆ ಬಂದಿದ್ದಳು. ನಾನು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೂವತ್ತು ವರ್ಷ ವಾರ್ಡನ್ ಆಗಿದ್ದವಳು. ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. ಅವಳ ಫೋನನ್ನು ನನ್ನ ಅಲ್ಮಾರಿಯಲ್ಲಿಟ್ಟು ಬೀಗ ಹಾಕಿದೆ. ದಿನಕ್ಕೆ ನೂರು ಉತ್ತರ ಬಾಯಿಪಾಠ ಒಪ್ಪಿಸಿದ ಮೇಲೆ ಊಟ.

ಹಿಂದಿನ ಸಂಜೆ ಅವಳು ಹೇಳಿದ್ದಳು: "ಆಯಿ, ಉತ್ತರ ಬಾಯಾಗ ಅದಾವ, ತಲ್ಯಾಗ ಇಲ್ಲ. ಲೆಕ್ಕ ತಿರುವಿ ಕೇಳಿದ್ರ ಕೈ ನಡಗತಾವ."

"ನಡಗಲಿ. ಇನ್ನ ಇಪ್ಪತ್ತು ಉಳದಾವ, ಹೇಳು," ಎಂದಿದ್ದೆ.

ಈಗ ಶಾರದಾ ಅಳುತ್ತಲೇ, "ಅತ್ತಿ, ಫೋನರ ಹಚ್ರಿ," ಎಂದಳು. ಹಚ್ಚಿದೆ. ನನ್ನ ಅಲ್ಮಾರಿಯೊಳಗೇ ಅದು ರಿಂಗಾಯಿತು. ಆ ಸದ್ದು ಈಗಲೂ ಕಿವಿಯಲ್ಲಿದೆ.

ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕೆರೆಯ ಕಡೆ ಓಡಿದೆ. ಏಕೆ ಆ ಕಡೆಗೇ ಓಡಿದೆನೆಂದು ಬರೆಯಲಾರೆ. ನಮ್ಮ ಓಣಿಯ ಆಟೋದ ಖಾಜಾಭಾಯಿ ನಡುದಾರಿಯಲ್ಲೇ ನಿಲ್ಲಿಸಿದ.

"ಅಮ್ಮಾ, ಚಪ್ಪಲಿ ಇಲ್ದ ಎಲ್ಲಿಗಿ ಹೊಂಟ್ರಿ? ಪೋರಿ ಹುಮನಾಬಾದ್ ಬಸ್ ಹತ್ಯಾಳ, ನಾನೇ ನೋಡೀನಿ. ಕೂಡ್ರಿ, ಸ್ಟ್ಯಾಂಡಿಗಿ ಬಿಡ್ತೀನಿ."

ಹುಮನಾಬಾದಿನ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಶಾರದಾಳ ಅಣ್ಣನ ಅಂಗಡಿಯಿದೆ. ಬಸ್ಸು ಹತ್ತಿದ ಮೇಲೆ ಅವನಿಗೆ ಫೋನು ಮಾಡಿದೆ. "ನಾ ಇನ್ನ ಮನ್ಯಾಗೇ ಇದ್ದೀನ್ರಿ. ಅಕ್ಷತಾ ಇಲ್ಲಿಗಿ ಬಂದಿಲ್ಲ," ಎಂದ. ಹೆದ್ದಾರಿಯ ಊರು. ಅಲ್ಲಿಂದ ಎಲ್ಲಿಗೆ ಬೇಕಾದರೂ ಹೋಗಬಹುದು.

ಎರಡು ತಿಂಗಳಿಂದ ಪೂಜೆಯಲ್ಲಿ ನಾನು ಕೇಳಿದ್ದು ಒಂದೇ, ಅವಳು ಪಾಸಾಗಲಿ ಎಂದು. ಆ ಬಸ್ಸಿನಲ್ಲಿ, ಸ್ನಾನವಾಗಿದ್ದರೂ ಪೂಜೆಯಾಗದೆ, ಅವಳ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಬೇಡಿದೆ: "ಪರೀಕ್ಷೆ ನಿನಗೇ ಇರಲಿ, ತಂದೆ. ನನಗೆ ಕೂಸು ಕೊಡು."

ಕಣ್ಣು ಬಿಟ್ಟಾಗ, ಕರಡಿಗೆಯನ್ನು ಕೊರಳಿಗೆ ಕಟ್ಟುವ ಶಿವದಾರದ ತುದಿ ಕಂಡಿತು. ಎಳೆಗಳು ಸವೆದು ಹರಿದಿದ್ದವು. ಅವಳು ಬಿಚ್ಚಿಟ್ಟದ್ದಲ್ಲ! ದಾರ ಹರಿದರೆ ಹೊಸದು ಕಟ್ಟುವವರೆಗೆ ಲಿಂಗವನ್ನು ಮಣೆಯಿಂದ ಕದಲಿಸಬಾರದೆಂದು ಅವಳಿಗೆ ಕಲಿಸಿದವಳು ನಾನೇ. ನನ್ನ ನಿಯಮವೇ ನನ್ನನ್ನು ಹೆದರಿಸಿತ್ತು. ಆದರೂ ಅವಳನ್ನು ಕಣ್ಣಾರೆ ಕಾಣುವವರೆಗೆ ಕರಡಿಗೆಯನ್ನು ಮುಷ್ಟಿಯಿಂದ ಬಿಡಲಿಲ್ಲ.

ಗಂಜಿನಲ್ಲಿ ಅಂಗಡಿಗಳ ಬಾಗಿಲು ಮುಚ್ಚಿದ್ದವು. ಕಟ್ಟೆಯ ಮೇಲೆ ಹೆಂಗಸರು ಹೆಸರುಕಾಳು ತೂರುತ್ತಿದ್ದರು. ಅವರ ನಡುವೆ ಮೊರ ಹಿಡಿದು ಅಕ್ಷತಾ ನಿಂತಿದ್ದಳು.

ಹಿರಿಯ ಹೆಂಗಸೊಬ್ಬಳು ಗದರುತ್ತಿದ್ದಳು: "ನೆಟ್ಟಗ ಸುರವಿದ್ರ ರಾಶಿ ಆ ಕಡಿ ಬೀಳ್ತದ. ಗಾಳಿ ಎಷ್ಟು ತಳ್ತದ ನೋಡು, ಅಷ್ಟು ಈ ಕಡಿ ಸರದು ನಿಂದ್ರು. ಇಷ್ಟು ತಿಳೀಲ್ದಾಕಿ ವಿಮಾನ ಹ್ಯಾಂಗ ಹಾರಸ್ತಿ?"

ಎಲ್ಲರೂ ನಕ್ಕರು. ಅಕ್ಷತಾ ಕೂಡ ನಕ್ಕಳು, "ಯವ್ವಾ, ನನ್ನ ಪುಸ್ತಕದಾಗ ಇರೋದೂ ಇದೇ ಐತಲ್ಲ!" ಎಂದಳು. ಅಷ್ಟರಲ್ಲಿ ನನ್ನನ್ನು ಕಂಡಳು. ನಗು ಆರಿತು. ಮೊರ ಕೆಳಗಿಟ್ಟು ಕೈಕಟ್ಟಿ ನಿಂತಳು. ನನ್ನನ್ನು ಕಂಡು ಅವಳಿಗೆ ಇಷ್ಟು ಭಯವೆಂದು ನನಗೆ ಆವತ್ತೇ ತಿಳಿದದ್ದು.

"ಬೈಬ್ಯಾಡ ಆಯಿ. ಮಾಮಾನ ಅಂಗಡ್ಯಾಗ ಒಂದಿನ ಸುಮ್ನ ಕೂಡಬೇಕಂತ ಬಂದೆ. ಚೀಟಿ ಬರದಿಡಬೇಕಿತ್ತು."

"ನಿನ್ನ ಲಿಂಗ ತಂದೀನಿ," ಎಂದೆ. ಅಪ್ಪಿಕೊಂಡೆ.

ಶಾರದಾಳಿಗೆ ಫೋನು ಮಾಡಿದೆವು. ಹೊಸ ಶಿವದಾರ ಕೊಂಡು ಸಂಜೆಯ ಹೊತ್ತಿಗೆ ಮನೆ ಸೇರಿದೆವು. ಬಾಯಿಪಾಠ ಬಿಟ್ಟು, ಗಾಳಿಯ ಲೆಕ್ಕವನ್ನು ನನಗೇ ಕಲಿಸೆಂದೆ. ನಾನು "ಯಾಕ?" ಎಂದಾಗಲೆಲ್ಲ ಅವಳು ಯೋಚಿಸಿ ಹೇಳಿದಳು. ಎರಡು ಕಡೆ ಎಡವಿದಳು, ಪುಸ್ತಕ ನೋಡಿ ತಿದ್ದಿಕೊಂಡಳು. ಪರೀಕ್ಷೆಯವರೆಗೆ ಹಾಗೆಯೇ ಓದಿದಳು. ಮೂರನೆಯ ಸಲ ಪಾಸಾದಳು. ನಾನು ಬೇಡುವುದನ್ನು ಬಿಟ್ಟಿದ್ದನ್ನೂ ಆ ತಂದೆ ಕೊಟ್ಟ.

ಆ ಸೋಮವಾರ ಮನೆಗೆ ಬಂದೊಡನೆ ವೇಳಾಪಟ್ಟಿ ಕಿತ್ತೆ. ಅವಳ ಫೋನು ಅವಳಿಗೆ ಕೊಟ್ಟೆ. ಹೊಸ ದಾರ ಪೋಣಿಸಿ ಕರಡಿಗೆಯನ್ನು ಅವಳ ಕೊರಳಿಗೆ ಕಟ್ಟಿದೆ. ಪೂಜೆಯಾಗದೆ ನಾನು ನೀರೂ ಮುಟ್ಟುವವಳಲ್ಲ; ಬೆಳಗಿನ ಆರಕ್ಕೆ ಆಗಬೇಕಿದ್ದ ನನ್ನ ಪೂಜೆಯನ್ನು ಸಂಜೆ ಏಳೂವರೆಗೆ ಮುಗಿಸಿ, ಆ ದಿನದ ಮೊದಲ ಗುಟುಕು ನೀರು ಕುಡಿದೆ.