ದೊರೆಗೆ ಹಾಲು ಕೊಡದ ಅಧ್ಯಾಯ

2019ರಲ್ಲಿ ನಾನು ತಮಿಳುನಾಡಿನ ದಿಂಡಿಗಲ್‌ನ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕನಾಗಿದ್ದೆ. ಹುಟ್ಟೂರು ಮೈಸೂರು. ವಸಾಹತೋತ್ತರ ಕಾದಂಬರಿ, ಅಂದರೆ ಪರಕೀಯರ ಆಳ್ವಿಕೆ ಕಂಡ ನಾಡುಗಳವರು ಆಮೇಲೆ ಬರೆದದ್ದು, ನನ್ನ ವಿಷಯ. ತಲೆಮಾರುಗಳ ಹಿಂದೆ ಅದೇ ನಾಡಿನ ಕಂಬಂ ಕಡೆ ಹೋಗಿ ನೆಲೆಸಿದ ಕನ್ನಡ ಒಕ್ಕಲು ಮನೆತನದ ವೀರಲಕ್ಷ್ಮಿ ನನ್ನಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಗೈಡ್ ಸಹಿ ಇಲ್ಲದೆ ಥೀಸಿಸ್ ಸಲ್ಲಿಸುವಂತಿಲ್ಲ. ಅವಳ ಗಡುವಿಗೆ ಮೂರೇ ವಾರ ಉಳಿದಿತ್ತು.

ತಕರಾರು ಎದ್ದದ್ದು ನಾಲ್ಕನೇ ಅಧ್ಯಾಯದಲ್ಲಿ. ಒಂದು ಆಫ್ರಿಕನ್ ಕಾದಂಬರಿಯಲ್ಲಿ ದನಗಾಹಿಗಳು ದೇವರಿಗೆ ಬಿಟ್ಟ ಹಸುವಿನ ಹಾಲನ್ನು ಬಿಳಿಯ ಅಧಿಕಾರಿಗೆ ಕೊಡುವುದಿಲ್ಲ. ಅದು ಪ್ರತಿರೋಧವೆಂದು ನಾನು ಇಪ್ಪತ್ತು ವರ್ಷ ಪಾಠ ಹೇಳಿದ್ದೆ, ಲೇಖನವನ್ನೂ ಬರೆದಿದ್ದೆ. ಇವಳು ಅದು ಪ್ರತಿರೋಧವೇ ಅಲ್ಲ ಎಂದು ಬರೆದಿದ್ದಳು. ಆಧಾರವೇನು ಎಂದು ಕೇಳಿದೆ.

"ನಮ್ಮನೇಲೂ ಅಂಗೇ ಸಾರ್."

ನನಗೆ ಪಿತ್ತ ನೆತ್ತಿಗೇರಿತು. "ನಿಮ್ಮ ಮನೆ ಆಧಾರಗ್ರಂಥ ಅಲ್ಲಮ್ಮ. ತಿದ್ದದಿದ್ದರೆ ಸಹಿ ಇಲ್ಲ" ಎಂದೆ.

"ಬಂದು ನೋಡಿ ಸಾರ್. ಆಮ್ಯಾಕೆ ಬ್ಯಾಡ ಅನ್ನಿ."

ಅವಳ ತಪ್ಪನ್ನು ಅಲ್ಲೇ ತೋರಿಸಿಬಿಡೋಣವೆಂಬ ಹಟದಿಂದ ಭಾನುವಾರ ಕಂಬಂ ಬಸ್ಸು ಹತ್ತಿದೆ. ದ್ರಾಕ್ಷಿ ತೋಟದ ಹಿಂದಿನ ಬಯಲಲ್ಲಿ ದೇವರಿಗೆ ಬಿಟ್ಟ ಹಸುಗಳ ದೊಡ್ಡ ಮಂದೆಯೇ ಇತ್ತು. ಬಿಸಿಲಲ್ಲಿ ಬಂದವನು ವೀರಲಕ್ಷ್ಮಿಯ ಅಜ್ಜಿಯನ್ನು ಒಂದು ಲೋಟ ಹಾಲು ಕೇಳಿದೆ.

"ಅದು ದೇವ್ರಾವು ಸಾಮಿ. ಆಲು ಕರುವಿಂದು" ಎಂದರು ಅಜ್ಜಿ. ಅಷ್ಟು ಹಸುಗಳ ಎದುರಿಗೆ ಅಂಗಡಿಯಿಂದ ಪ್ಯಾಕೆಟ್ ಹಾಲು ತರಿಸಿ ಕಾಫಿ ಕೊಟ್ಟರು. ನಗು ಬಂತು, ತಡೆದುಕೊಂಡೆ.

ನನಗೆ ಬೇಕಾದ ಉತ್ತರವನ್ನು ಪ್ರಶ್ನೆಯಲ್ಲೇ ತುರುಕಿ ಕೇಳಿದೆ: "ಹಿಂದೆ ಬಿಳಿ ದೊರೆಗಳು ಕೇಳಿದರೂ ಕೊಡುತ್ತಿರಲಿಲ್ಲ ಅಲ್ಲವೇ, ಅವರ ಮೇಲಿನ ಸಿಟ್ಟಿಗೆ?"

ನನ್ನ ಪುಸ್ತಕದ ಕನ್ನಡ ಅಜ್ಜಿಗೆ ಅರ್ಥವಾಗಲಿಲ್ಲ. ಮೊಮ್ಮಗಳು ತಮಿಳಿನಲ್ಲಿ ಬಿಡಿಸಿ ಹೇಳಿದಳು.

"ದೊರೆ ಮ್ಯಾಲೆ ಯಾಕೆ ಕೋವ? ನನ್ ಮಗು ಕಾಯ್ಲೆ ಬಿದ್ದು ಆಲು ಆಲು ಅಂತ ಅಳ್ತು. ಅದ್ಕೂ ಈ ಆಲು ಕುಡಿಸ್ಲಿಲ್ಲ. ಇದ್ರಾಗೆ ದೊರೆ ಎಲ್ಲಿಂದ ಬಂದ ಸಾಮಿ?"

ನನಗೆ ನಿಜವಾಗಿ ನಾಚಿಕೆಯಾಯಿತು. ಅವರ ಮನೆಯ ಜಗಲಿಯ ಮೇಲೆ ಕೂತೇ ವೀರಲಕ್ಷ್ಮಿಯ ಥೀಸಿಸ್‌ಗೆ ಸಹಿ ಹಾಕಿದೆ. ಒಂದೇ ಷರತ್ತು: ನನ್ನ ಲೇಖನವನ್ನು ಹೆಸರಿಸಿಯೇ ಅಲ್ಲಗಳೆಯಬೇಕು. ಅವಳು ಅದನ್ನು ಅಗತ್ಯಕ್ಕಿಂತ ತುಸು ಹೆಚ್ಚೇ ಉತ್ಸಾಹದಿಂದ ಮಾಡಿದಳು.

ವೈವಾದಲ್ಲಿ, ಅಂದರೆ ಕೊನೆಯ ಮೌಖಿಕ ಪರೀಕ್ಷೆಯಲ್ಲಿ, ಹೊರಗಿನಿಂದ ಬಂದ ಪರೀಕ್ಷಕರು ನನ್ನ ಲೇಖನವನ್ನೇ ಹಿಡಿದು ಅವಳನ್ನು ಜಗ್ಗಾಡಿದರು. ಅವಳು ಅಲುಗಲಿಲ್ಲ. ಪದವಿ ಸಿಕ್ಕಿತು.

ನಾವು 'ಅನ್ಯರು' ಎಂದು ಹೆಸರಿಟ್ಟು ಓದುವ ಜನ ಆಳಿದವರನ್ನು ಎದುರಿಸುವುದಕ್ಕೆಂದೇ ಬದುಕಿದ್ದಾರೆ ಎಂದು ಇಪ್ಪತ್ತು ವರ್ಷ ಪಾಠ ಮಾಡಿದೆ. ಅವರಿಗೆ ಬೇರೆ ಕೆಲಸವಿತ್ತು.